ಹಳ್ಳಕ್ಕೆ ಉಣುಗೋಲು ಹಾಕಿದ ಸುಮಿತ್ರಮ್ಮ

ಕೊಡ್ಲಿಪೇಟೆಯಿಂದ ಹೇಮಾವತಿಯ ಕಡೆಗೆ ಇಳಿಯುವ ದಾರಿಯಲ್ಲಿ ಮೇಗಲಕೊಪ್ಪಲು ಎಂಬ ಸಣ್ಣ ಊರು. ಅಲ್ಲಿಯ ನಂಜಪ್ಪನ ಹೆಂಡತಿ ಸುಮಿತ್ರಮ್ಮನ ದನಿ ಎಷ್ಟು ದೊಡ್ಡದೆಂದರೆ, ಆಕೆ ಹಿತ್ತಲಲ್ಲಿ ನಿಂತು ತನ್ನ ಎಮ್ಮೆಯನ್ನು ಕರೆದರೆ ಬಯಲಿನಾಚೆ ಕೆಳಗಲಕೊಪ್ಪಲಿನ ಎಮ್ಮೆಗಳೂ ತಲೆಯೆತ್ತಿ ನೋಡುತ್ತಿದ್ದವು. ನಂಜಪ್ಪನೋ ಮಾತೇ ಆಡದ ಮನುಷ್ಯ. ದೇವರು ಇಬ್ಬರಿಗೂ ಸೇರಿಸಿ ಕೊಟ್ಟ ಮಾತನ್ನೆಲ್ಲ ಆಕೆಯೊಬ್ಬಳೇ ಇಟ್ಟುಕೊಂಡಿದ್ದಾಳೆ ಎಂದು ಊರವರು ನಗುತ್ತಿದ್ದರು. ಅವರ ಜೊತೆ ಆಕೆಯೂ ನಗುತ್ತಿದ್ದಳು.

ಆಕೆಯ ತವರು ಅರಕಲಗೂಡಿನ ಆಚೆಯ ಒಣಸೀಮೆ. ಅಲ್ಲಿ ಕೆರೆಯ ನೀರನ್ನು ಸರದಿಯ ಮೇಲೆ ಗದ್ದೆಗೆ ಬಿಡುತ್ತಿದ್ದರು. ಮದುವೆಯಾಗಿ ಬಂದ ವರ್ಷ, ಮನೆ ಮುಂದಿನ ಸೀಗೆಹಳ್ಳ ದಡ ಮೀರಿ ಕೆಂಪಗೆ ಹರಿಯುವುದನ್ನು ಕಂಡು ಬೆರಗಾಗಿ, "ಇಷ್ಟು ನೀರನ್ನ ಸುಮ್ನೆ ಬಿಟ್ಬಿಡ್ತಾರಾ ಅತ್ತೆ?" ಎಂದು ಕೇಳಿದ್ದಳಂತೆ. "ಹೋಗು, ನೀನೇ ಹಿಡ್ಕೊಂಡು ಬಾ" ಎಂದಿದ್ದರಂತೆ ಅತ್ತೆ. ಆ ಅತ್ತೆ ತೀರಿಕೊಂಡು, ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿ, ಸುಮಿತ್ರಮ್ಮನ ತಲೆಯಲ್ಲಿ ನಾಲ್ಕಾರು ಬಿಳಿಕೂದಲು ಮೂಡಿದ ಮೇಲೆ ನಡೆದ ಕಥೆ ಇದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡನೆಯ ಮಳೆಗಾಲ. ಪುಷ್ಯ ಮಳೆ ಹಿಡಿದುಕೊಂಡು ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ಹಾಲು ಕರೆದು ಕೊಟ್ಟಿಗೆಯಿಂದ ಹೊರಗೆ ಬಂದ ಸುಮಿತ್ರಮ್ಮ ತಂಬಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಹಳ್ಳ ಕಣಕ್ಕೆ ಹತ್ತಿತ್ತು. ಕಣದ ಅಂಚಿನಲ್ಲಿ ಮರದ ಅಟ್ಟಣೆಯ ಮೇಲೆ ಒಟ್ಟಿದ್ದ ಹುಲ್ಲಿನ ಮೆದೆ ನಿಧಾನವಾಗಿ ಸುತ್ತು ತಿರುಗುತ್ತಿತ್ತು. ನೋಡನೋಡುತ್ತಿದ್ದಂತೆ ಅದು ಅಟ್ಟಣೆಯ ಸಮೇತ ಮೇಲೆದ್ದು, ದಿಬ್ಬಣದ ಗಾಡಿಯ ಹಾಗೆ ಒಮ್ಮೆ ಅತ್ತ ಒಮ್ಮೆ ಇತ್ತ ತೂಗಾಡಿ, ಹಳ್ಳದ ನಡುಮಧ್ಯಕ್ಕೆ ಹೋಯಿತು. ಮೆದೆಯ ನೆತ್ತಿಯ ಮೇಲೆ ಮನೆಯ ಕಪ್ಪು ಬೆಕ್ಕು ಬಾಲವನ್ನು ಕಾಲಿಗೆ ಸುತ್ತಿಕೊಂಡು ಕೂತಿತ್ತು. ಸುಮಿತ್ರಮ್ಮ ದಡದುದ್ದಕ್ಕೂ ಕೂಗುತ್ತ ಓಡಿದಳು. ಬೆಕ್ಕು ತಿರುಗಿಯೂ ನೋಡಲಿಲ್ಲ.

ಮಳೆ ಕೊಂಚ ಹೊಳವಾದ ಮೇಲೆ ಹುಡುಕಿಕೊಂಡು ಹೋದರೆ, ಮೆದೆ ಕೆಳಗಲಕೊಪ್ಪಲಿನ ಜವರಪ್ಪನ ಗದ್ದೆಯಲ್ಲಿ ತಾನು ಅಲ್ಲೇ ಹುಟ್ಟಿದ್ದೆನೆಂಬಂತೆ ನಿಂತಿತ್ತು. ಜವರಪ್ಪನೂ ಪಕ್ಕದಲ್ಲೇ ನಿಂತಿದ್ದ. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಯಾರ ಮೇಲೋ ಸಿಟ್ಟಾಗಿರುವಂತೆ ಕಾಣುವ ಮನುಷ್ಯ. ಅವನ ಗದ್ದೆಯ ಅರ್ಧ ಭಾಗವನ್ನು ಮೊಣಕಾಲುದ್ದ ಮರಳು ಮುಚ್ಚಿಹಾಕಿತ್ತು.

"ಜವರಣ್ಣ, ನಮ್ಮ ಮೆದೆ ತಗಂಡೋಗಕ್ಕೆ ಬಂದೆ" ಎಂದಳು ಸುಮಿತ್ರಮ್ಮ.

"ಯಾವ ಮೆದೆ? ಹಳ್ಳ ತಂದು ನನ್ನ ಗದ್ದೆಗೆ ಹಾಕಿದ್ದು ನಂದು."

"ಹಂಗಾದ್ರೆ ಬೆಕ್ಕು?"

"ಬೆಕ್ಕೂ ನಂದೇ."

"ಸರಿ. ಈ ಮರಳೂ ನಿಂದೇ ತಾನೆ? ಸಂತೋಷವಾಗಿ ಇಟ್ಕೊ!"

ಜವರಪ್ಪನ ಮುಖ ಕಪ್ಪಿಟ್ಟಿತು. ಮರಳಿನ ಮಾತು ಅವನಿಗೆ ಚುಚ್ಚಿತ್ತು. "ಮೇಗಲವರು ನೀವು. ನಿಮ್ಮ ಕಡೆಯಿಂದ ಬಂದ ಮರಳು ಇದು. ವರ್ಷಾ ವರ್ಷಾ ನಾನು ಹೊತ್ತು ಹಾಕ್ತೀನಿ, ನೀವು ಕಳಿಸ್ತೀರ" ಎಂದು ಕೂಗಾಡಿದ. ಸುಮಿತ್ರಮ್ಮನೂ ಕೂಗಿದಳು. ಎರಡು ಊರಿನ ಜನ ಗದ್ದೆಯ ಬದುವಿನ ಮೇಲೆ ಸೇರಿದರು. ಕಡೆಗೆ ವಿಷಯ ಊರ ಬಸವನ ಗುಡಿಯ ಜಗಲಿಗೆ, ಎರಡೂ ಊರಿಗೆ ಪಟೇಲನಾದ ಕರಿಬಸಪ್ಪನ ಮುಂದೆ ಹೋಯಿತು.

ಪಟೇಲರು ಇಬ್ಬರ ಮಾತನ್ನೂ ಕೇಳಿ, ಎಲೆಯಡಿಕೆ ಹಾಕಿಕೊಂಡು, ಬಹಳ ಹೊತ್ತು ಅಗಿದರು. ಆಮೇಲೆ ಹೇಳಿದರು: "ಹುಲ್ಲಲ್ಲಿ ಅರ್ಧರ್ಧ ಮಾಡ್ಕಳಿ. ಬೆಕ್ಕು ಯಾರ ಹಿಂದೆ ಹೋಗ್ತದೋ ಅವರದು. ಮರಳಿನ ನ್ಯಾಯ ನನ್ನ ಕೈಲಾಗಲ್ಲ. ಅದನ್ನ ಹಳ್ಳದ ಹತ್ರನೇ ಕೇಳ್ಬೇಕು."

ಬೆಕ್ಕು ಜವರಪ್ಪನ ಹಿಂದೆ ಹೋಯಿತು. ಅವನ ಹೆಂಡತಿ ಶಕುಂತಲಮ್ಮ ಅದಕ್ಕೆ ಆಗಲೇ ಕೆನೆಹಾಲು ಹಾಕಿ ಒಲಿಸಿಕೊಂಡಿದ್ದಳು.

ಉಳಿದವರೆಲ್ಲ ಪಟೇಲರ ಮಾತಿಗೆ ನಕ್ಕು ಮನೆಗೆ ಹೋದರು. ಸುಮಿತ್ರಮ್ಮ ಮಾತ್ರ ಅದನ್ನು ಮನಸ್ಸಿಗೆ ತೆಗೆದುಕೊಂಡಳು. ಮಳೆ ನಿಂತು ದಾರಿ ಒಣಗಿದ ಮೇಲೆ ಒಂದು ದಿನ ರೊಟ್ಟಿ ಕಟ್ಟಿಕೊಂಡು, ನಂಜಪ್ಪನನ್ನು ಎಬ್ಬಿಸಿ, "ನಡೀರಿ, ಈ ಹಳ್ಳ ಎಲ್ಲಿಂದ ಬರ್ತದೆ ನೋಡ್ಕಂಡು ಬರಾಣ" ಎಂದು ಹೊರಟಳು. ಅಷ್ಟು ವರ್ಷ ಅದರ ದಡದಲ್ಲೇ ಬದುಕಿದ್ದರೂ ಇಬ್ಬರೂ ಅದರ ಮೂಲ ನೋಡಿರಲಿಲ್ಲ.

ಊರಿನ ಮೇಲಿನ ಗುಡ್ಡದಲ್ಲಿ ಸೀಗೆಹಳ್ಳ ಎರಡು ಕವಲಾಗುತ್ತದೆ. ಬಲಗಡೆಯ ಕವಲು ಈಶ್ವರನ ದೇವರಕಾಡಿನೊಳಗಿಂದ ಬರುತ್ತದೆ. ಅಲ್ಲಿ ಕೊಡಲಿ ಹಾಕುವಂತಿಲ್ಲ, ಬಿದ್ದ ಕಡ್ಡಿಯನ್ನೂ ಒಯ್ಯುವಂತಿಲ್ಲ. ಎಷ್ಟೋ ಕಾಲದ ಹಿಂದೆ ಬಿದ್ದ ಮರಗಳು ಹಳ್ಳಕ್ಕೆ ಅಡ್ಡಡ್ಡ ಮಲಗಿ, ಪಾಚಿ ಹಿಡಿದು, ಅವುಗಳ ಕೆಳಗಿಂದ ನೀರು ತಿಳಿಯಾಗಿ ಜಾರುತ್ತಿತ್ತು. ಒಂದೊಂದು ಮರದ ಹಿಂದೆಯೂ ಒಂದೊಂದು ಸಣ್ಣ ಮಡು. ಕಾಲಿಟ್ಟರೆ ನೆಲ ಹಾಸಿಗೆಯ ಹಾಗೆ ಒಳಗಿಳಿಯುತ್ತಿತ್ತು.

ಎಡಗವಲಿನ ಕಥೆಯೇ ಬೇರೆ. ಕೆಲವು ವರ್ಷಗಳ ಹಿಂದೆ ಕಂಟ್ರಾಕ್ಟರೊಬ್ಬ ಆ ಇಳಿಜಾರಿನ ಮರಗಳನ್ನೆಲ್ಲ ಕಡಿಸಿದ್ದ. ದಿಮ್ಮಿ ಎಳೆಯಲು ಹಸನಾಗಲೆಂದು ಹಳ್ಳದೊಳಗೆ ಬಿದ್ದಿದ್ದ ಬೊಡ್ಡೆ, ಪೊದೆ, ಬೇರುಗಳನ್ನೂ ಕಿತ್ತು ತೆಗೆಸಿದ್ದ. ಈಗ ಅದು ಹಳ್ಳದಂತಿರಲಿಲ್ಲ. ದಿಮ್ಮಿ ಉರುಳಿಸುವ ಜಾರುಬಂಡೆಯಂತಿತ್ತು. ಎರಡೂ ದಡ ಕುಸಿದು, ಕೆಂಪು ಮಣ್ಣು ಹಸಿಗಾಯದಂತೆ ಬಾಯಿ ತೆರೆದಿತ್ತು.

ಸುಮಿತ್ರಮ್ಮ ಎರಡು ಕವಲು ಸೇರುವಲ್ಲಿ ಬಂಡೆಯ ಮೇಲೆ ಕೂತು ರೊಟ್ಟಿ ಬಿಚ್ಚಿದಳು. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು.

"ಇದೇ ಕಣ್ರೀ" ಎಂದಳು. "ಆ ಕವಲನ್ನ ಹಿಡಿದು ನಿಲ್ಸೋರಿದ್ದಾರೆ. ಈ ಕವಲಿಗೆ ಯಾರೂ ಇಲ್ಲ."

ನಂಜಪ್ಪ ತಲೆಯಾಡಿಸಿದ.

ಅವಳಿಗೆ ತಡೆಯಲಾಗುತ್ತದೆಯೇ? ಮರುದಿನವೇ ಊರಿಗೆಲ್ಲ ಸಾರಿದಳು: ಎಡಗವಲಿಗೆ ಒಡ್ಡು ಕಟ್ಟೋಣ, ಬನ್ನಿ. ಆಗ ಬ್ಲಾಕ್ ಆಫೀಸು ಹೊಸದು. ಹಳ್ಳಿಗಳಿಗೆ ಗ್ರಾಮಸೇವಕರನ್ನು ನೇಮಿಸಿದ್ದರು. ಶ್ರಮದಾನ ಎಂಬ ಮಾತು ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. ಆ ಸುತ್ತಿನ ಗ್ರಾಮಸೇವಕ ಸಿದ್ದಣ್ಣ ಸೈಕಲ್ಲು ತಳ್ಳಿಕೊಂಡು ಗುಡ್ಡ ಹತ್ತಿ ಬಂದ. ಕನ್ನಡಕ ಹಾಕಿದ, ಬೇಗ ನಾಚಿಕೊಳ್ಳುವ ಯುವಕ. ಜಾಗ ನೋಡಿ, "ಅಮ್ಮಾ, ಕಲ್ಲು ಮಣ್ಣಿನ ಒಡ್ಡು ಕಟ್ಟೋದಾದ್ರೆ ಕೋಡಿ ಬಿಡ್ಬೇಕು. ಹೆಚ್ಚಾದ ನೀರಿಗೆ ದಾರಿ ಇಲ್ದಿದ್ರೆ ಒಡ್ಡು ನಿಲ್ಲಲ್ಲ" ಎಂದ.

"ದಾರಿ ಬಿಡೋದಾದ್ರೆ ಕಟ್ಟೋದ್ಯಾಕೆ ಸಿದ್ದಣ್ಣೋರೆ?" ಎಂದಳು ಸುಮಿತ್ರಮ್ಮ. ಅವಳಿಗೆ ತವರಿನ ಕೆರೆಯೇರಿ ಗೊತ್ತಿತ್ತು. ಕೆರೆಗೂ ಕೋಡಿಯಿರುತ್ತದೆ ಎಂಬುದು ಆ ಹುರುಪಿನಲ್ಲಿ ಮರೆತೇಹೋಗಿತ್ತು. ಸಿದ್ದಣ್ಣ ಇನ್ನೊಮ್ಮೆ ಹೇಳಿ ನೋಡಿದ. ಆ ದನಿಯ ಮುಂದೆ ಅವನ ದನಿ ನಡೆಯಲಿಲ್ಲ.

ಬೇಸಿಗೆಯೆಲ್ಲ ಮೇಗಲಕೊಪ್ಪಲಿನ ಹೆಂಗಸರು ಕಲ್ಲು ಹೊತ್ತರು, ಮಣ್ಣು ತುಳಿದರು. ಒಡ್ಡು ಎದೆಯೆತ್ತರಕ್ಕೆ ಎದ್ದಿತು. ಸುಮಿತ್ರಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು.

ಆರಿದ್ರ ಮಳೆಯ ಮೊದಲ ದೊಡ್ಡ ಹೊಡೆತಕ್ಕೆ, ಮಧ್ಯಾಹ್ನದ ಊಟದ ಹೊತ್ತಿಗೆ, ಗುಡ್ಡದ ಕಡೆಯಿಂದ ಧಡ್ ಎಂದು ಸದ್ದು ಬಂತು. ಒಡ್ಡು ಪೂರ್ತಿ ಕಿತ್ತುಕೊಂಡು ಹೋಗಿತ್ತು. ಅಷ್ಟೂ ಕಲ್ಲು, ಅಷ್ಟೂ ಮಣ್ಣು ಹಳ್ಳದುದ್ದಕ್ಕೂ ಉರುಳಿ ಬಂದು ಬಿದ್ದದ್ದು ಎಲ್ಲಿ? ಜವರಪ್ಪನ ಸಸಿಮಡಿಯ ಮೇಲೆ. ನಾಟಿಗೆಂದು ಬೆಳೆಸಿದ್ದ ಭತ್ತದ ಸಸಿಯೆಲ್ಲ ಕೆಸರಿನಡಿ ಹೂತುಹೋಯಿತು.

ಸುಮಿತ್ರಮ್ಮ ಮಧ್ಯಾಹ್ನವಿಡೀ ಬಾಯಿ ತೆರೆಯದೆ ಕೂತಿದ್ದ ದಿನ ಅದೊಂದೇ ಎಂದು ಊರವರು ಈಗಲೂ ಹೇಳುತ್ತಾರೆ. ಸಂಜೆಯ ಹೊತ್ತಿಗೆ ಎದ್ದು ಗೊರಬು ಹೊದ್ದುಕೊಂಡಳು. ಗೊರಬು ಎಂದರೆ ಎಲೆಯಿಂದ ಹೆಣೆದ, ಬಗ್ಗಿ ಕೆಲಸ ಮಾಡುವಾಗ ಬೆನ್ನು ಮುಚ್ಚುವ ಮಳೆಗೊಪ್ಪೆ. ನೇರವಾಗಿ ಜವರಪ್ಪನ ಮನೆಯ ಮುಂದೆ ಹೋಗಿ ನಿಂತಳು.

"ತಪ್ಪಾಯ್ತು ಜವರಣ್ಣ. ಸಿದ್ದಣ್ಣೋರು ಹೇಳಿದ್ರು, ನಾನು ಕೇಳ್ಲಿಲ್ಲ."

ಜವರಪ್ಪ ಬೈಗುಳಕ್ಕೆ ಸಿದ್ಧನಾಗಿ ಎದ್ದುಬಂದಿದ್ದ. ಎದುರಾಳಿ ಜಗಳವನ್ನೇ ಆಡದಿದ್ದರೆ ಜಗಳಗಂಟನ ಗತಿಯೇನು? "ಒಳಗ್ ಬನ್ನಿ, ಮಳೇಲಿ ನಿಂತ್ಕಂಡು ಏನು ಮಾತು" ಎಂದು ಗೊಣಗಿದ. ಶಕುಂತಲಮ್ಮ ಬೆಲ್ಲದ ಕಾಫಿ ತಂದಿಟ್ಟಳು. ಕಪ್ಪು ಬೆಕ್ಕು ಬಂದು ಹಳೆಯ ಒಡತಿಯ ಕಾಲು ಮೂಸಿ, ಗುರುತು ಸಿಕ್ಕದವರ ಹಾಗೆ ಒಲೆಯ ಕಡೆಗೆ ಹೋಯಿತು.

"ನಮ್ಮ ಮಡೀಲಿ ಸಸಿ ಹೆಚ್ಚೇ ಅದೆ. ನಿಮಗಾಗೋವಷ್ಟು ಕಿತ್ತು ತರ್ತೀನಿ. ನಾಟಿಗೂ ನಾವೇ ಬರ್ತೀವಿ" ಎಂದಳು ಸುಮಿತ್ರಮ್ಮ.

ಮಾತಿಗೆ ತಪ್ಪಲಿಲ್ಲ. ಮೇಗಲಕೊಪ್ಪಲಿನ ಹೆಂಗಸರು ಸಾಲಾಗಿ ಕೆಳಗಿಳಿದು ಬಂದು ಜವರಪ್ಪನ ಗದ್ದೆಯಲ್ಲಿ ನಾಟಿ ಹಾಕಿದರು. ಕೆಳಗಿನ ಹೆಂಗಸರೂ ಸೇರಿಕೊಂಡರು. ಹಾಡಿಗೆ ಹಾಡು, ಹಾಸ್ಯಕ್ಕೆ ಹಾಸ್ಯ. ಒಂದೇ ಹಳ್ಳದ ಮೇಲೂ ಕೆಳಗೂ ಇದ್ದುಕೊಂಡು, ಮದುವೆ ಸಾವಿಗಲ್ಲದೆ ಒಬ್ಬರ ಮನೆಗೊಬ್ಬರು ಹೋಗದಿದ್ದವರು ಆ ದಿನ ಒಂದೇ ಬದುವಿನ ಮೇಲೆ ಕೂತು ಕಡುಬು ತಿಂದರು.

ಊಟದ ಹೊತ್ತಿಗೆ ಜವರಪ್ಪ ತೋಟದ ಬಾಯಲ್ಲಿದ್ದ ಉಣುಗೋಲನ್ನು ಸರಿಸಿ ದನ ಒಳಗೆ ಬಿಡುತ್ತಿದ್ದ. ಎರಡು ಕಂಬಗಳ ತೂತಿಗೆ ಬಿದಿರಿನ ಗಳ ಅಡ್ಡಡ್ಡ ತೂರಿಸುವ ಉಣುಗೋಲು ಎಲ್ಲರ ಮನೆಯಲ್ಲೂ ಇರುವಂಥದ್ದೇ. ಸುಮಿತ್ರಮ್ಮ ಬಾಯಿಗಿಟ್ಟ ಕಡುಬನ್ನು ಹಾಗೇ ಹಿಡಿದು ನೋಡಿದಳು. ಕೆಳಗಿನ ಗಳದಡಿ ಕೋಳಿಮರಿಗಳು ನುಸುಳಿ ಹೋದವು. ದನ ಮಾತ್ರ ನಿಂತು, ಗಳ ಸರಿದ ಮೇಲೆ ಒಂದೊಂದಾಗಿ ದಾಟಿತು.

"ಜವರಣ್ಣ, ಹಳ್ಳಕ್ಕೆ ಇಂಥದ್ದು ಹಾಕಿದ್ರೆ?"

"ಹಳ್ಳಕ್ಕಾ?"

"ಸಣ್ಣ ನೀರು ಅಡೀಲಿ ಹೋಗ್ಲಿ. ದೊಡ್ಡ ನೀರು ಬಂದಾಗ ದನ ನಿಂತಂಗೆ ನಿಂತ್ಕಂಡು ಸಾವಕಾಶ ಹೋಗ್ಲಿ. ದೇವರಕಾಡಲ್ಲಿ ಬಿದ್ದ ಮರಗಳು ಇದನ್ನೇ ಮಾಡ್ತಾ ಅವೆ."

ಜವರಪ್ಪ ಗಳ ಹಿಡಿದುಕೊಂಡೇ ಯೋಚಿಸಿದ. ಅವನು ಸಿಟ್ಟಿನ ಮನುಷ್ಯನೇ ಹೊರತು ದಡ್ಡನಲ್ಲ. "ಒಂದು ಹಾಕಿದ್ರೆ ಅದೂ ನನ್ನ ಗದ್ದೆಗೇ ಬರ್ತದೆ. ಮೇಲಿಂದ ಕೆಳಗಿನ ತನಕ ಸುಮಾರು ಹಾಕ್ಬೇಕು. ಒಂದು ತಪ್ಪಿದ್ರೆ ಇನ್ನೊಂದು ಹಿಡಿಯೋ ಹಂಗೆ" ಎಂದ. ಆಮೇಲೆ ಬೇಗನೆ, "ನಾನು ಬರ್ತೀನಿ. ನೀವು ನೀವೇ ಕಟ್ಟಿದ್ರೆ ನನ್ನ ಗದ್ದೆ ಉಳಿಯಲ್ಲ" ಎಂದು ಸೇರಿಸಿದ.

ಮುಂದಿನ ಬೇಸಿಗೆಯಿಂದ ಭಾನುವಾರದ ಕೆಲಸ ಶುರುವಾಯಿತು. ಸಿದ್ದಣ್ಣನನ್ನು ಸುಮಿತ್ರಮ್ಮ ತಾನೇ ಹೋಗಿ ಕರೆದು ತಂದಳು. "ಈ ಸಲ ನೀವು ಹೇಳಿ, ನಾನು ಕೇಳ್ತೀನಿ" ಎಂದಳು. ಅವನು ನಾಚಿಕೊಳ್ಳುತ್ತಲೇ ಇಳಿಜಾರನ್ನೆಲ್ಲ ಅಡ್ಡಾಡಿ, ಎಲ್ಲಿ ದಡ ಗಟ್ಟಿ, ಎಲ್ಲಿ ನೀರು ಪಕ್ಕಕ್ಕೆ ಹರಡಲು ಸಮತಟ್ಟು ಜಾಗವಿದೆ ಎಂದು ಗೂಟ ನೆಟ್ಟು ತೋರಿಸಿದ. ಆದರೆ ಒಂದು ತೊಡಕು ಬಂತು. ಗಟ್ಟಿ ಮರ ಬೇಕು. ಕಂಟ್ರಾಕ್ಟರು ಬಿಟ್ಟುಹೋದದ್ದು ಬರೀ ಪುರಳೆ ಕಡ್ಡಿ. ಬಿದ್ದ ಮರವಿದ್ದದ್ದು ದೇವರಕಾಡಿನಲ್ಲಿ.

ಮತ್ತೆ ಬಸವನ ಗುಡಿಯ ಜಗಲಿ. ಮತ್ತೆ ಪಟೇಲ ಕರಿಬಸಪ್ಪ.

"ದೇವರಕಾಡಿನ ಕಡ್ಡಿನೂ ಯಾರ ಮನೆಗೂ ಹೋಗಂಗಿಲ್ಲ. ನಮ್ಮ ತಾತನ ಕಾಲದಿಂದ ಬಂದದ್ದು" ಎಂದರು ಪಟೇಲರು.

"ಮನೆಗೆ ಯಾರು ತಗಂಡೋಗ್ತಾರೆ ಪಟೇಲ್ರೆ? ಹಳ್ಳದೊಳಗೆ ಇಡ್ತೀವಿ. ಹಳ್ಳ ಯಾರದು?"

"ಹಳ್ಳ... ಈಶ್ವರಂದೇ."

"ಈಶ್ವರನ ಮರ ಈಶ್ವರನ ಹಳ್ಳದಲ್ಲೇ ಇರ್ತದೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಇಟ್ಟಂಗೆ."

ಪಟೇಲರು ಮತ್ತೆ ಬಹಳ ಹೊತ್ತು ಎಲೆಯಡಿಕೆ ಅಗಿದರು. ತೀರ್ಪು ಹೀಗೆ ಬಂತು: ತಾನಾಗಿ ಬಿದ್ದ ಮರ ಮಾತ್ರ. ಅದರಲ್ಲೂ ಹಳ್ಳದಲ್ಲಿ ಮಲಗಿದ್ದನ್ನು ಮುಟ್ಟಬಾರದು. ಕಾಡಿನೊಳಗೆ ಕೊಡಲಿ, ಗರಗಸ ಒಯ್ಯಬಾರದು. ಎತ್ತು ಕಟ್ಟಬಾರದು. ಚಪ್ಪಲಿ ಮೆಟ್ಟಬಾರದು. ಕೈಯಲ್ಲೇ ಎಳೆದು ತರಬೇಕು.

ಈ ಕಟ್ಟಳೆ ಕೇಳಿ ಕೆಲವರು ಕೆಲಸ ಅಲ್ಲಿಗೇ ನಿಂತಿತು ಎಂದುಕೊಂಡರು. ಆದದ್ದೇ ಬೇರೆ. ಕೈಯಲ್ಲಿ ಎಳೆಯಲು ಹತ್ತಾರು ಜನ ಬೇಕು, ಆದ್ದರಿಂದ ಹತ್ತಾರು ಜನ ಬಂದರು. ಹಗ್ಗ ಕಟ್ಟಿ, ಒಬ್ಬರ ಹಿಂದೆ ಒಬ್ಬರು ನಿಂತು, "ಐಸಾ" ಎಂದು ಎಳೆಯುವಾಗ ಮೇಲಿನವರು ಯಾರು ಕೆಳಗಿನವರು ಯಾರು ಗೊತ್ತಾಗುತ್ತಿರಲಿಲ್ಲ. ಪಕ್ಕದ ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್‌ಮನೆಗಳಿಂದ ಚೋಮಿ ಎಂಬ ಹೆಂಗಸು, ಹಣ್ಣು ಕೀಳುವ ಪಿಕ್ಕಿಂಗ್ ಇಲ್ಲದ ದಿನಗಳಲ್ಲಿ, ತನ್ನ ಜೊತೆಯವರನ್ನು ಕಟ್ಟಿಕೊಂಡು ಬರುತ್ತಿದ್ದಳು. ಹಗ್ಗದ ಮುಂದಿನ ತುದಿ ಯಾವಾಗಲೂ ಚೋಮಿಯದೇ. "ನೀವ್ಯಾಕೆ ಬರ್ತೀರವ್ವಾ, ನಿಮಗೆ ಗದ್ದೆ ಇಲ್ಲ ತೋಟ ಇಲ್ಲ?" ಎಂದು ಯಾರೋ ಕೇಳಿದ್ದಕ್ಕೆ ಚೋಮಿ, "ಹಳ್ಳ ಬಂದ್ರೆ ನಮ್ಮ ಲೈನಿಗೂ ನೀರು ನುಗ್ತದೆ. ಮತ್ತೆ ಇಲ್ಲಿ ರೊಟ್ಟಿ ಚೆನ್ನಾಗಿರ್ತದೆ" ಎಂದಳು.

ರೊಟ್ಟಿಯ ಮಾತು ಸುಳ್ಳಲ್ಲ. ಸುಮಿತ್ರಮ್ಮ ಪ್ರತಿ ಭಾನುವಾರ ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಹೊತ್ತು ತರುತ್ತಿದ್ದಳು. ಕಳಲೆಯ ಕಾಲದಲ್ಲಿ ಕಳಲೆ ಪಲ್ಯ. ಶಕುಂತಲಮ್ಮ ಅದಕ್ಕೆ ಸರಿಸಾಟಿಯಾಗಿ ಕಾಯಿಹಾಲು, ಕಡುಬು ತರತೊಡಗಿದಳು. ಯಾರ ಅಡುಗೆ ಮೇಲು ಎಂಬ ಚರ್ಚೆಗಾಗಿಯೇ ಕೆಲವು ಗಂಡಸರು ಬರುತ್ತಿದ್ದರು. ಬಂದವರ ಕೈಗೆ ಸುಮಿತ್ರಮ್ಮ ಮೊದಲು ಗುದ್ದಲಿ ಕೊಡುತ್ತಿದ್ದಳು, ಆಮೇಲೆ ಎಲೆ ಹಾಕುತ್ತಿದ್ದಳು.

ಮರವನ್ನು ಹಳ್ಳಕ್ಕೆ ಅಡ್ಡಲಾಗಿ, ತಳದಿಂದ ಒಂದು ಗೇಣು ಮೇಲಿರುವಂತೆ ಮಲಗಿಸುವುದು, ಎರಡೂ ದಡದೊಳಗೆ ಅದರ ತಲೆಗಳನ್ನು ಹೂಳುವುದು, ಸಡಿಲವಾಗದಂತೆ ಗೂಟ ಬಡಿಯುವುದು, ಮೇಲೆ ಕೊಂಬೆ ರೆಂಬೆ ಹೆಣೆಯುವುದು. ಎಲ್ಲರೂ ಅದಕ್ಕೆ ಉಣುಗೋಲು ಎಂದೇ ಹೆಸರಿಟ್ಟರು. ಕುಸಿದ ದಡದ ಉದ್ದಕ್ಕೂ ಲಕ್ಕಿಯ ಕಡ್ಡಿ ಚುಚ್ಚಿದರು. ಲಕ್ಕಿಗಿಡಕ್ಕೆ ಬೇರು ಬಿಡಲು ಯಾರ ಅಪ್ಪಣೆಯೂ ಬೇಡ. ಅದರ ಹಿಂದೆ ವಾಟೆಬಿದಿರಿನ ಮೆಳೆ, ಅದಕ್ಕೂ ಮೇಲೆ ಹೊಂಗೆ, ನೇರಳೆ, ಹೊಳೆಮತ್ತಿ. ಬೋಳು ಇಳಿಜಾರಿಗೆ ದೇವರಕಾಡಿನ ಬೀಜವನ್ನೇ ಊರಿದರು. ಬೀಜ ಒಯ್ಯಬಹುದೇ ಎಂದು ಪಟೇಲರನ್ನು ಕೇಳಲು ಹೋದಾಗ ಅವರು, "ಹಕ್ಕಿ ಕೇಳ್ಕಂಡು ಒಯ್ತದಾ? ಹೋಗಿ" ಎಂದು ಗದರಿ ಕಳಿಸಿದ್ದರು.

ಎಲ್ಲರೂ ಮೆಚ್ಚಿಕೊಂಡರು ಎಂದೇನಿಲ್ಲ. ಕೊಡ್ಲಿಪೇಟೆಯ ಸಂತೆಯಲ್ಲಿ ಇವರನ್ನು ಕಂಡರೆ "ಹಳ್ಳಕ್ಕೆ ಕಸ ತುಂಬೋರು ಬಂದ್ರು" ಎಂದು ನಗುತ್ತಿದ್ದವರಿದ್ದರು. "ಕಸ ಅಲ್ಲ ಕಣಪ್ಪ, ಬೇಲಿ. ನಿನ್ನ ಬಾಯಿಗೂ ಒಂದು ಹಾಕಿಕೊಡ್ತೀನಿ ಬಾ" ಎನ್ನುತ್ತಿದ್ದಳು ಸುಮಿತ್ರಮ್ಮ. ಮೇಕೆಗಳು ಸಸಿಯ ಚಿಗುರು ತಿಂದವು. ಅದಕ್ಕೆ ಸೀಗೆಮುಳ್ಳು ಸುತ್ತಿದರು. ಒಮ್ಮೆ ಒಂದು ಸಣ್ಣ ಉಣುಗೋಲಿನ ಒಳ್ಳೆಯ ನೆಟ್ಟನೆಯ ಮರವೇ ಕಾಣೆಯಾಯಿತು. ಸುಮಿತ್ರಮ್ಮ ಎರಡು ಊರಿನಲ್ಲೂ ಕೂಗಾಡಿದಳು, ಕಳ್ಳನ ಮೂರು ತಲೆಮಾರಿಗೆ ಶಾಪ ಹಾಕಿದಳು. ಮೂರನೆಯ ದಿನ ಸ್ವಂತ ಕೊಟ್ಟಿಗೆಯ ಹಿಂದೆ, ಹುಲ್ಲಿನ ಕೆಳಗೆ, ಅದು ಸಿಕ್ಕಿತು.

ನಂಜಪ್ಪ ತಲೆ ತಗ್ಗಿಸಿ ನಿಂತ. "ನೇಗಿಲಿಗೆ ಚೆನ್ನಾಗಿತ್ತು" ಎಂದ. ಆ ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದೇ ಇರಬೇಕು.

"ಈಶ್ವರನ ಮರದಲ್ಲಿ ನೇಗಿಲು! ಮೂರು ತಲೆಮಾರು ಅಂದಿದ್ದೆನಲ್ಲ, ಅದರಲ್ಲಿ ನನ್ನ ಮಕ್ಕಳೂ ಬಂದ್ರಲ್ಲ!" ಎಂದು ಸುಮಿತ್ರಮ್ಮ ಹಣೆ ಚಚ್ಚಿಕೊಂಡಳು. ಹೋಗಿ ದೇವರಿಗೆ ಹಣ್ಣುಕಾಯಿ ಮಾಡಿಸಿ ಶಾಪ ವಾಪಸು ತೆಗೆದುಕೊಂಡಳು. ಭಾನುವಾರ ಎಲ್ಲರ ಮುಂದೆ ನಂಜಪ್ಪ ಆ ಮರವನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದ. ಜನ ನಕ್ಕರು. ಅವನಿಗೂ ನಗು ಬಂತು. ಅವತ್ತಿನಿಂದ ಅವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಗೂಟ ಬಡಿಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅವನು ಬಡಿದ ಗೂಟ ಅವನ ಹಾಗೆಯೇ, ಸದ್ದಿಲ್ಲದೆ, ಅಲ್ಲಾಡದೆ ನಿಲ್ಲುತ್ತಿತ್ತು.

ಆಮೇಲೆ ಅರವತ್ತೊಂದರ ಮಳೆ ಬಂತು.

ಆ ವರ್ಷದ ಮಳೆಯನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪುನರ್ವಸುವಿನಲ್ಲಿ ಹಿಡಿದದ್ದು ಬಿಡಲೇ ಇಲ್ಲ. ದಾರಿಗಳು ಕಡಿದುಹೋದವು, ಬಸ್ಸು ನಿಂತಿತು, ಹೇಮಾವತಿ ಎಲ್ಲೆಲ್ಲೋ ಹರಿಯಿತು. ಒಂದು ಬೆಳಿಗ್ಗೆ ಗುಡ್ಡವೇ ಕರಗಿ ಬೀಳುತ್ತಿದೆಯೋ ಎಂಬಂತೆ ಸುರಿಯತೊಡಗಿದಾಗ ಸುಮಿತ್ರಮ್ಮ ಗೊರಬು ಹೊದ್ದು ಹೊರಬಿದ್ದಳು. ಕೆಳಗಿನಿಂದ ಜವರಪ್ಪ ಕಂಬಳಿ ಹೊದ್ದು ಬರುತ್ತಿದ್ದ. ಇಬ್ಬರೂ ಹಳ್ಳದ ಸಂಕದ ಹತ್ತಿರ, ಅಂದರೆ ದಾಟಲು ಹಾಕಿದ ಮರದ ಹತ್ತಿರ, ಸಂಧಿಸಿದರು.

"ಬರ್ತಾ ಅದೆ" ಎಂದ ಜವರಪ್ಪ.

ಹಳ್ಳ ಏರುತ್ತಿತ್ತು. ಆದರೆ ಹಿಂದಿನ ಹಾಗೆ ಗುಡುಗುತ್ತ ನುಗ್ಗಿ ಬರಲಿಲ್ಲ. ಹಾಲು ಉಕ್ಕುವ ಹಾಗೆ, ನೋಡುವವರಿಗೆ ಪುರುಸೊತ್ತು ಕೊಟ್ಟು, ಇಂಚಿಂಚಾಗಿ ಏರಿತು. ಕಣದ ಅಂಚು ಮುಟ್ಟಿತು. ಸಂಕದ ಹೊಟ್ಟೆ ಮುಟ್ಟಿತು. ಮೇಲಿನಿಂದ ಕೊಂಬೆಗಳ ಗೊಂಚಲೊಂದು ತೇಲಿ ಬಂತು.

"ಒಂದು ಉಣುಗೋಲು ಹೋಯ್ತು" ಎಂದಳು ಸುಮಿತ್ರಮ್ಮ.

"ಎರಡು" ಎಂದ ಜವರಪ್ಪ ಇನ್ನೊಂದು ಗೊಂಚಲು ತೋರಿಸಿ.

ಮೂರನೆಯದು ಬರಲಿಲ್ಲ. ನೀರು ಸಂಕದ ಹೊಟ್ಟೆಯಲ್ಲೇ ಮಧ್ಯಾಹ್ನದ ತನಕ ನಿಂತಿತ್ತು. ಕೆಳಗೆ ಜವರಪ್ಪನ ಗದ್ದೆಯ ಮೇಲೂ ಹರಡಿಕೊಂಡಿತು, ಪಾದ ಮುಳುಗುವಷ್ಟು, ಹರಿಯುವುದೋ ನಿಂತಿರುವುದೋ ತಿಳಿಯದ ಹಾಗೆ. ಎರಡು ದಿನ ಬಿಟ್ಟು ಇಳಿದಾಗ ನೋಡಿದರೆ ನಾಟಿಯ ಪೈರು ಕೆಸರು ಮೆತ್ತಿಕೊಂಡು ಬಾಗಿತ್ತು. ಆದರೆ ಬೇರು ಕಿತ್ತಿರಲಿಲ್ಲ. ಮರಳು ಒಂದು ಮೂಲೆಯಲ್ಲಿ ಬೊಗಸೆಯಷ್ಟು ಬಿದ್ದಿತ್ತು. ಉಳಿದ ಮರಳೆಲ್ಲ ಗುಡ್ಡದ ಮೇಲೆ, ಒಂದೊಂದು ಉಣುಗೋಲಿನ ಹಿಂದೆ, ಗುಡ್ಡೆ ಗುಡ್ಡೆಯಾಗಿ ಕೂತಿತ್ತು. ಮಳೆಯನ್ನು ಗೆದ್ದೆವು ಎಂದು ಯಾರೂ ಹೇಳಲಿಲ್ಲ. ಬದುವಿನ ಒಂದು ಭಾಗ ಹೋಗಿತ್ತು, ಕೆಳಗಲಕೊಪ್ಪಲಿನ ಒಂದು ಕೊಟ್ಟಿಗೆಯ ಗೋಡೆ ಕುಸಿದಿತ್ತು. ಆದರೆ ಚೋಮಿಯ ಲೈನಿಗೆ ನೀರು ಬರಲಿಲ್ಲ. ಸಂಕ ಇದ್ದಲ್ಲೇ ಇತ್ತು.

ಜವರಪ್ಪ ಗದ್ದೆಯ ನಡುವೆ ನಿಂತು ಒಂದು ಪೈರನ್ನು ಬೆರಳಲ್ಲಿ ನೆಟ್ಟಗೆ ಮಾಡಿದ. ಮತ್ತೆ ಇನ್ನೊಂದನ್ನು. ಅವನ ಕಣ್ಣು ತುಂಬಿಕೊಂಡದ್ದನ್ನು ಸುಮಿತ್ರಮ್ಮ ಕಂಡಳು. ಕಂಡೂ ಕಾಣದವಳಂತೆ, "ಜವರಣ್ಣ, ಆ ಎರಡು ಹೋದದ್ದು ನೀನು ಕಟ್ಟಿಸಿದ್ದು. ನಮ್ಮನೆಯೋರು ಗೂಟ ಬಡಿದದ್ದೆಲ್ಲ ಅವೆ" ಎಂದಳು.

"ಸುಳ್ಳು!" ಎಂದು ಜವರಪ್ಪ ತಿರುಗಿ ನಿಂತ. ಅವನ ಸಿಟ್ಟು ವಾಪಸು ಬಂದದ್ದು ನೋಡಿ ಆಕೆಗೆ ಸಮಾಧಾನವಾಯಿತು. ಇಬ್ಬರೂ ಜಗಳವಾಡುತ್ತಲೇ ಗುಡ್ಡ ಹತ್ತಿ ನೋಡಲು ಹೋದರು.

ಸುದ್ದಿ ಹರಡಿತು. ಮುಂದಿನ ವನಮಹೋತ್ಸವಕ್ಕೆ ಬ್ಲಾಕಿನ ಅಧಿಕಾರಿಗಳು ಜೀಪಿನಲ್ಲಿ ಬಂದರು. ಪೆಂಡಾಲು ಹಾಕಿ, ಸುಮಿತ್ರಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ, ಎರಡು ಮಾತಾಡಬೇಕೆಂದರು. ಊರಿಗೆಲ್ಲ ಕುತೂಹಲ. ಅಷ್ಟು ದೊಡ್ಡ ದನಿಯ ಹೆಂಗಸು ಎದ್ದು ನಿಂತು, ಜನರನ್ನು ನೋಡಿ, ಸೆರಗು ಸರಿಮಾಡಿಕೊಂಡು, ಹಾಗೇ ನಿಂತುಬಿಟ್ಟಳು. ಮೈಕಿನ ಮುಂದೆ ಅವಳ ಬಾಯಿಂದ ದನಿಯೇ ಹೊರಡಲಿಲ್ಲ. ಆಗ ಹಿಂದಿನ ಸಾಲಿನಿಂದ ನಂಜಪ್ಪ ಎದ್ದ. ಯಾರೂ ಊಹಿಸಿರಲಿಲ್ಲ.

"ಭಾನುವಾರ ಬನ್ನಿ. ಮಾತಾಡೋಕಲ್ಲ, ಮರ ಎಳಿಯೋಕೆ. ಊಟ ಇರ್ತದೆ" ಎಂದು ಹೇಳಿ ಕೂತ. ಚಪ್ಪಾಳೆಯೋ ಚಪ್ಪಾಳೆ. ಆ ವರ್ಷದ ಸಭೆಯಲ್ಲಿ ಅದಕ್ಕಿಂತ ಒಳ್ಳೆಯ ಭಾಷಣ ಇರಲಿಲ್ಲ ಎಂದು ಸಿದ್ದಣ್ಣ ಹೇಳುತ್ತಿದ್ದ. ಅಧಿಕಾರಿಗಳಲ್ಲಿ ಒಬ್ಬರು ನಿಜವಾಗಿಯೂ ಭಾನುವಾರ ಬಂದರು. ಪ್ಯಾಂಟು ಮಡಿಚಿ ಹಗ್ಗ ಹಿಡಿದರು. ಬ್ಲಾಕಿನಿಂದ ಗುದ್ದಲಿ, ಸಲಿಕೆಗಳನ್ನೂ ಕೊಡಿಸಿದರು.

ವರ್ಷಗಳು ಕಳೆದವು. ಎಡಗವಲಿನ ಇಳಿಜಾರು ಮೊದಲು ಪೊದೆಯಾಯಿತು, ಆಮೇಲೆ ಆಳೆತ್ತರದ ಕಾಡಾಯಿತು. ಬೇಸಿಗೆಯಲ್ಲೂ ಮಡುಗಳಲ್ಲಿ ನೀರು ಉಳಿಯತೊಡಗಿತು. ನೇರಳೆ ಹಣ್ಣಾದಾಗ ಮಂಗಟ್ಟೆ ಹಕ್ಕಿಗಳು ದೇವರಕಾಡಿನಿಂದ ಈಚೆಗೆ ರೆಕ್ಕೆ ಸದ್ದು ಮಾಡುತ್ತ ಹಾರಿ ಬಂದವು. ಸಿದ್ದಣ್ಣನಿಗೆ ಬೇರೆ ಕಡೆಗೆ ವರ್ಗವಾಯಿತು. ಹೊರಡುವ ದಿನ ಎರಡು ಊರಿನವರೂ ಅವನ ಸೈಕಲ್ಲಿಗೆ ಹಲಸಿನಹಣ್ಣು ಕಟ್ಟಿದ್ದರಿಂದ ಅದು ಪಕ್ಕಕ್ಕೆ ವಾಲಿ, ಅವನು ತಳ್ಳಿಕೊಂಡೇ ಹೋಗಬೇಕಾಯಿತು. ಪಟೇಲ ಕರಿಬಸಪ್ಪ ಕಡೆಗಾಲದಲ್ಲಿ ಕೋಲೂರಿಕೊಂಡು ಬಂದು, ಚಪ್ಪಲಿ ಬಿಟ್ಟು, ಹೊಸ ಕಾಡಿನೊಳಗೆ ಕಾಲಿಟ್ಟರು. ಇದಕ್ಕೂ ಚಪ್ಪಲಿ ಬಿಡಬೇಕೇ ಎಂದು ಯಾರೋ ಕೇಳಿದರು. "ಬೀಜ ಈಶ್ವರಂದೇ ಅಲ್ವಾ" ಎಂದರು ಪಟೇಲರು.

ಸುಮಿತ್ರಮ್ಮನಿಗೆ ಅರವತ್ತು ದಾಟಿದರೂ ಭಾನುವಾರ ತಪ್ಪಲಿಲ್ಲ. ಎರಡು ಊರಿಗೆ ಸೊಸೆಯಾಗಿ ಬಂದ ಹುಡುಗಿಯರನ್ನು ಮೊದಲ ಬೇಸಿಗೆಯಲ್ಲೇ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಲಕ್ಕಿಕಡ್ಡಿ ಚುಚ್ಚುವುದು ಹೇಗೆಂದು ತೋರಿಸುವುದು ಆಕೆಯ ಕೆಲಸವಾಯಿತು. ಗಂಡನ ಮನೆ ಹೊಸತು, ಬಾಯಿ ಬಿಡಲು ಭಯ. ಅಂಥವರು ಅಲ್ಲಿ ಹಗ್ಗ ಎಳೆಯುತ್ತ ಮೊದಲ ಸಲ ಗಟ್ಟಿಯಾಗಿ ನಗುತ್ತಿದ್ದರು.

ಒಂದು ಬೇಸಿಗೆ, ಮೇಲಿನ ಮಡುವಿನ ಹತ್ತಿರ ಹಳೆಯ ಉಣುಗೋಲು ಕೊಳೆತು ಸಡಿಲವಾಗಿತ್ತು. ಹೊಸ ಮರವನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಜವರಪ್ಪನಿಗೂ ಸುಮಿತ್ರಮ್ಮನಿಗೂ ಬೆಳಗಿನಿಂದ ವಾದ ನಡೆದಿತ್ತು. ಅವನು ಎರಡು ಮಾರು ಕೆಳಗೆ ಎನ್ನುತ್ತಾನೆ, ಇವಳು ಎರಡು ಮಾರು ಮೇಲೆ ಎನ್ನುತ್ತಾಳೆ. ಹಗ್ಗ ಹಿಡಿದು ನಿಂತವರಿಗೆ ಕೈ ಸೋತಿತು. "ಇಲ್ಲಿ ನೋಡು, ಇಲ್ಲಿ!" ಎಂದು ಜಾಗ ತೋರಿಸಲು ಸುಮಿತ್ರಮ್ಮ ಪಾಚಿಗಲ್ಲಿನ ಮೇಲೆ ಒಂದು ಹೆಜ್ಜೆ ಮುಂದಿಟ್ಟಳು. ಕಾಲು ಜಾರಿ, ಎದ್ದ ಅಲೆ ದಡದವರ ಸೀರೆ ಪಂಚೆಯನ್ನೆಲ್ಲ ತೋಯಿಸುವಂತೆ, ಮಡುವಿನೊಳಗೆ ಕೂತುಬಿಟ್ಟಳು. ನೀರು ಎದೆಯ ತನಕ.

ಎಲ್ಲರೂ ಗಾಬರಿಯಾದರು. ನಂಜಪ್ಪ ಹಗ್ಗ ಬಿಟ್ಟು ಓಡಿ ಬಂದ. ಸುಮಿತ್ರಮ್ಮ ಮುಖದ ಮೇಲಿನ ನೀರನ್ನು ಒರೆಸಿಕೊಂಡಳು. ಸುತ್ತಲೂ ಮೀನಿನ ಮರಿಗಳು ದಿಕ್ಕಾಪಾಲಾಗಿ ಓಡಿ, ಮತ್ತೆ ಬಂದು ಅವಳ ಸೆರಗನ್ನು ಮುತ್ತುತ್ತಿದ್ದವು. ಅವನ್ನು ನೋಡಿ ಅವಳಿಗೆ ಕಚಗುಳಿಯಾದಂತೆ ನಗು ಬಂತು. ನಗು ಹತ್ತಿಕೊಂಡಿತು. ದಡದಲ್ಲಿ ಜವರಪ್ಪ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ.

"ನಗ್ಬ್ಯಾಡಿ, ಮರ ತನ್ನಿ" ಎಂದು ಸುಮಿತ್ರಮ್ಮ ನೀರಿನೊಳಗಿಂದಲೇ ಕೂಗಿದಳು. "ಇಲ್ಲೇ ಸರಿಯಾಗದೆ. ನಾನು ಕೂತು ನೋಡಿದೀನಿ!"